ಜಗುಲಿಗೆ ಬಂದ ಸಿಡಿ ಡ್ರೈವ್

ಈಚೆಗೆ ಕೊಂಡ ಯಾವುದೇ ಲ್ಯಾಪ್‌ಟಾಪಿನ ಬಲಮಗ್ಗುಲನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ. ನುಣ್ಣಗಿರುತ್ತದೆ. ಒಂದೆರಡು ಸಣ್ಣ ಕಿಂಡಿ, ಹೆಡ್‌ಫೋನಿಗೊಂದು ತೂತು, ಅಷ್ಟೆ. ಮೊದಲು ಅಲ್ಲೊಂದು ಪುಟ್ಟ ಗುಂಡಿ ಇರುತ್ತಿತ್ತು. ಒತ್ತಿದರೆ ಒಂದು ತಟ್ಟೆ ಅರ್ಧ ಇಂಚಿನಷ್ಟು ಹೊರಗೆ ಇಣುಕುತ್ತಿತ್ತು, ಉಳಿದದ್ದನ್ನು ನಾವೇ ಎಳೆಯಬೇಕು. ಎಡಗೈಯನ್ನು ತಟ್ಟೆಯ ಅಡಿಗೆ ಆನಿಸಿಕೊಂಡು, ಬಲಗೈಯ ಎರಡು ಬೆರಳಿನಿಂದ ಡಿಸ್ಕನ್ನು ನಡುವಿನ ಗುಬುಟಿನ ಮೇಲೆ ಅದುಮಿದರೆ ಟಕ್ ಎಂದು ಕೂರುತ್ತಿತ್ತು. ಎಡಗೈ ಆನಿಸದೆ ಅದುಮಿದವರಿಗೆ ದೊಡ್ಡವರಿಂದ ಬೈಗುಳ ಖಚಿತ. ತಟ್ಟೆ ಒಳಗೆ ಹೋದ ಮೇಲೆ ಮೊದಲು ಸುಂಯ್ ಎಂಬ ಸದ್ದು, ಆಮೇಲೆ ಗರಗರ, ಒಂದು ಹಸಿರು ದೀಪ ಮಿಣುಕು. ಅಷ್ಟು ಹೊತ್ತೂ ಮನೆಮಂದಿಯೆಲ್ಲ ಪರದೆಯನ್ನೇ ನೋಡುತ್ತ ನಿಂತಿರುತ್ತಿದ್ದರು. ಓದುತ್ತದೋ, ಇಲ್ಲವೋ?

ಈ ಬಾಗಿಲು ಯಾವಾಗ ಮುಚ್ಚಿತೆಂಬುದು ನಮ್ಮಲ್ಲಿ ಹೆಚ್ಚಿನವರ ಗಮನಕ್ಕೇ ಬರಲಿಲ್ಲ. ಹಳೆಯ ಲ್ಯಾಪ್‌ಟಾಪ್ ಹೋಯಿತು, ಹೊಸದು ಬಂತು, ಹಗುರವಾಗಿತ್ತು, ಖುಷಿಪಟ್ಟೆವು. ಕಪಾಟಿನ ಕೆಳಗಿನ ಅರೆಯಲ್ಲಿ ಸಿಡಿ, ಡಿವಿಡಿಗಳ ಕಟ್ಟು ಇದ್ದಲ್ಲೇ ಇತ್ತು. ಅಕ್ಕನ ಮದುವೆ, ಅಣ್ಣನ ಮಗನ ಉಪನಯನ, ಊರ ಬಯಲಾಟ, ಕಾಲೇಜಿನ ಪ್ರವಾಸದ ಫೋಟೋ, ಎಲ್ಲ ಅದರಲ್ಲೇ. ಒಳಗೆ ಹೋಗುವ ದಾರಿ ಮಾತ್ರ ಇಲ್ಲ.

ನಮ್ಮ ಕಡೆ, ಅಂದರೆ ಶಿರಸಿ, ಸಿದ್ದಾಪುರದ ಸೀಮೆಯಲ್ಲಿ, ಕಂಪ್ಯೂಟರನ್ನು ನಾವು ಮೊದಲು ಕಂಡದ್ದು ತರಬೇತಿ ಕೇಂದ್ರಗಳಲ್ಲಿ. ಚಪ್ಪಲಿ ಹೊರಗೆ ಬಿಟ್ಟು, ಕಾಲೊರೆಸಿಕೊಂಡು ಒಳಗೆ ಹೋಗಬೇಕು. ಯಂತ್ರಕ್ಕೆ ಹೊಲಿಸಿದ ಬಟ್ಟೆಯ ಮುಸುಕು. ಅಲ್ಲಿನ ಫ್ಲಾಪಿ ಡ್ರೈವನ್ನು ಮುಟ್ಟಲು ಎಲ್ಲರಿಗೂ ಅವಕಾಶವಿತ್ತು. ಸಿಡಿ ಡ್ರೈವ್ ಮಾತ್ರ ಮೇಷ್ಟ್ರ ಮೇಜಿನ ಕಂಪ್ಯೂಟರಿನಲ್ಲೇ. ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು ಒಂದೂವರೆ ಎಂಬಿಗೂ ಕಡಿಮೆ, ಸಿಡಿಯಲ್ಲಿ 700 ಎಂಬಿ. ಮೇಷ್ಟ್ರು ಆ ಲೆಕ್ಕ ಹೇಳಿದಾಗ ಕ್ಲಾಸಿನಲ್ಲಿ ಯಾರೋ ಶಿಳ್ಳೆ ಹೊಡೆದಿದ್ದರು.

ಆಮೇಲೆ ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ಊರಿನ ಒಂದಿಬ್ಬರು ಮನೆಗೇ ಕಂಪ್ಯೂಟರ್ ತಂದರು. ಅಂಗಡಿಯವನು ಬಿಡಿಭಾಗ ಜೋಡಿಸಿ ಕೊಟ್ಟ ‘ಅಸೆಂಬಲ್ಡ್’ ಪೆಟ್ಟಿಗೆ. ಕೊಟೇಶನ್ ಹಾಳೆಯಲ್ಲಿ ಪ್ರೊಸೆಸರು, ಮಾನಿಟರು, ಕೀಬೋರ್ಡು ಎಲ್ಲ ಬರೆದಾದ ಮೇಲೆ ಅಂಗಡಿಯವನು ಪೆನ್ನು ಎತ್ತಿ ಕೇಳುತ್ತಿದ್ದ: “ಬರೀ ಸಿಡಿ ರಾಮ್ ಸಾಕಾ ಹೆಗ್ಡೇರೇ, ರೈಟರ್ ಹಾಕ್ಲಾ?” ರೈಟರ್ ಹಾಕಿಸಿಕೊಂಡವರ ಮನೆಗೆ ಆಮೇಲೆ ಜನ ತಪ್ಪಲಿಲ್ಲ. ಚಹಾ ಕುಡಿಯುವ ನೆಪದಲ್ಲಿ ಬಂದು, ಅಡಿಕೆ, ಮಳೆ, ಕೊಳೆರೋಗ ಎಲ್ಲ ಮಾತಾಡಿ, ಹೊರಡುವ ಹೊತ್ತಿಗೆ ಅಂಗಿಯ ಕಿಸೆಯಿಂದ ಒಂದು ಖಾಲಿ ಸಿಡಿ ತೆಗೆಯುವುದು: “ನಿನ್ನ ಹತ್ರ ಭೀಮಸೇನ ಜೋಶಿಯವರ ದಾಸವಾಣಿ ಇದ್ದಡ ಅಲ್ದ?”

ಸಿಡಿ ರೈಟ್ ಮಾಡುವುದು ಆ ದಿನಗಳಲ್ಲಿ ಒಂದು ಕಾರ್ಯಕ್ರಮವೇ ಆಗಿತ್ತು. ನೀರೋ ಎಂಬ ಸಾಫ್ಟ್‌ವೇರ್ ತೆರೆದು, ಬೇಕಾದ ಹಾಡುಗಳನ್ನು ಒಂದೊಂದಾಗಿ ಎಳೆದು ಹಾಕುತ್ತ ಹೋದರೆ ಕೆಳಗೆ ಒಂದು ಪಟ್ಟಿ ತುಂಬುತ್ತ ಬರುತ್ತಿತ್ತು. ಗೆರೆ ದಾಟಿದರೆ ಕೆಂಪಾಗುತ್ತದೆ. ಆಗ ಕುಳಿತು ಯೋಚಿಸಬೇಕು, ಯಾವುದನ್ನು ಬಿಡುವುದು? ಎಂಪಿ3ಯಾದರೆ ಸುಮಾರು ನೂರೈವತ್ತು ಹಾಡು ಹಿಡಿಯುತ್ತದೆ. ನೂರೈವತ್ತೊಂದನೆಯದು ಬೇಕೆಂದರೆ ಒಂದು ಹೊರಗೆ ಹೋಗಲೇಬೇಕು. ಯಾವ ಹಾಡು ತನಗೆ ನಿಜಕ್ಕೂ ಬೇಕು ಎಂದು ಮನುಷ್ಯ ಅಷ್ಟು ಗಂಭೀರವಾಗಿ ಯೋಚಿಸಿದ್ದು ಆ ಕೆಂಪು ಗೆರೆಯ ಎದುರಿನಲ್ಲೇ ಇರಬೇಕು. ಈಗ ಫೋನಿನಲ್ಲಿ ಕೋಟಿಗಟ್ಟಲೆ ಹಾಡು, ಬಿಡಬೇಕಾದದ್ದು ಯಾವುದೂ ಇಲ್ಲ, ಅರ್ಧ ಕೇಳಿ ಮುಂದಿನದಕ್ಕೆ ಹೋಗುತ್ತೇವೆ.

ರೈಟ್ ಶುರುವಾದ ಮೇಲೆ ಯಾರೂ ಮೌಸ್ ಮುಟ್ಟುವ ಹಾಗಿಲ್ಲ. ಮೊದಲ ಕಾಲದ ಡ್ರೈವುಗಳಿಗೆ ಹಾರ್ಡ್‌ಡಿಸ್ಕಿನಿಂದ ಮಾಹಿತಿ ಎಡೆಬಿಡದೆ ಬರುತ್ತಿರಬೇಕಿತ್ತು. ಒಂದು ಕ್ಷಣ ತಡವಾದರೂ ಡಿಸ್ಕ್ ಕೆಟ್ಟಿತು. ಆಮೇಲೆ ಬಂದ ಡ್ರೈವುಗಳು ನಿಂತಲ್ಲಿಂದ ಮುಂದುವರಿಸಲು ಕಲಿತವು. ಆದರೆ ನಮ್ಮೂರಿನ ಕರೆಂಟನ್ನು ತಾಳಿಕೊಳ್ಳಲು ಯಾವ ಡ್ರೈವೂ ಕಲಿಯಲಿಲ್ಲ. ಜೂನ್ ತಿಂಗಳಲ್ಲಿ ಎಲ್ಲೋ ಮರ ಬಿದ್ದು ಲೈನು ಹೋಗುತ್ತದೆ, ಯುಪಿಎಸ್ ಕುಂಯ್‌ಗುಡುತ್ತ ಎರಡು ನಿಮಿಷ ಹಿಡಿದುಕೊಂಡು ಕೈಬಿಡುತ್ತದೆ, ಶೇಕಡಾ 92ಕ್ಕೆ ಬಂದ ಸಿಡಿ ಅಲ್ಲಿಗೆ ಮುಗಿಯಿತು. ಹಾಗೆ ಸತ್ತ ಡಿಸ್ಕುಗಳನ್ನು ನಾವು ಎಸೆದವರಲ್ಲ. ಗದ್ದೆಯಲ್ಲಿ ಹಕ್ಕಿ ಓಡಿಸಲು ದಾರಕ್ಕೆ ಕಟ್ಟಿ ತೂಗಿಬಿಟ್ಟೆವು. ಚೌತಿಯಲ್ಲಿ ಗಣಪತಿಯ ಮಂಟಪದ ಹಿಂದೆ ಸಾಲಾಗಿ ಅಂಟಿಸಿದೆವು. ಟೆಂಪೋದವರು ಹಿಂಬದಿಗೆ ಸಿಕ್ಕಿಸಿಕೊಂಡರು.

ಆ ತೆಳುವಾದ ತಟ್ಟೆಯೊಳಗೆ ಏನಿದೆ ಎಂದು ಆಗ ಯಾರೂ ಹೇಳಿಕೊಡಲಿಲ್ಲ. ನಾನು ತಿಳಿದುಕೊಂಡದ್ದು ಬಹಳ ತಡವಾಗಿ, ತಿಳಿದ ಮೇಲೆ ಅದರ ಮೇಲಿನ ಗೌರವ ಹೆಚ್ಚಾಯಿತು. ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಸಿಡಿ 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಅಡ್ಡಳತೆ 120 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್. ಅದರಲ್ಲಿ ಒಂದೇ ಒಂದು ಗೆರೆ, ನಡುವಿನಿಂದ ಶುರುವಾಗಿ ಸುರುಳಿ ಸುತ್ತುತ್ತ ಅಂಚಿಗೆ ಬರುತ್ತದೆ. ಒಂದು ಮಿಲಿಮೀಟರ್ ಅಗಲದಲ್ಲಿ ಆರುನೂರಕ್ಕೂ ಹೆಚ್ಚು ಸುತ್ತು. ಬಿಚ್ಚಿ ಚಾಚಿದರೆ ಐದು ಕಿಲೋಮೀಟರಿಗೂ ಉದ್ದ. ಅಷ್ಟುದ್ದದ ದಾರಿಯ ಮೇಲೆ ಕಣ್ಣಿಗೆ ಕಾಣದ ಒಂದು ಅವಗೆಂಪು ಕಿರಣ ಹಾಯುತ್ತ, ಕುಳಿ ಎಲ್ಲಿ, ಸಮತಟ್ಟು ಎಲ್ಲಿ ಎಂದು ತಡವಿಕೊಂಡು ಹೋಗುತ್ತದೆ. ಗ್ರಾಮಾಫೋನ್ ತಟ್ಟೆಯ ಮುಳ್ಳು ಹೊರಗಿನಿಂದ ಒಳಗೆ ಬರುತ್ತಿತ್ತು, ಇದು ಒಳಗಿನಿಂದ ಹೊರಗೆ. ಡಿವಿಡಿಯಲ್ಲಿ ಸುತ್ತುಗಳು ಇನ್ನೂ ಒತ್ತೊತ್ತಾದವು, ಕಿರಣ ಕಣ್ಣಿಗೆ ಕಾಣುವ ಕೆಂಪಾಯಿತು, ಅಷ್ಟೇ ಅಗಲದ ತಟ್ಟೆಯಲ್ಲಿ 4.7 ಜಿಬಿ ಹಿಡಿಯಿತು. 52ಎಕ್ಸ್ ಎಂದು ಮುಂದೆ ಬರೆದ ಡ್ರೈವು ಪೂರ್ತಿ ವೇಗಕ್ಕೆ ಬಂದಾಗ ಡಿಸ್ಕು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಮೇಜು ನಡುಗುತ್ತಿದ್ದದ್ದು, ಅಜ್ಜಿ ಒಳಗಿನಿಂದ “ಅದೆಂಥದೋ ಸದ್ದು” ಎಂದು ಕೂಗುತ್ತಿದ್ದದ್ದು ಸುಮ್ಮನೆ ಅಲ್ಲ.

ಸಿನಿಮಾ ನೋಡುವ ಕ್ರಮವನ್ನೂ ಈ ತಟ್ಟೆಗಳೇ ಕಲಿಸಿದವು. ವಿಸಿಡಿ ಒಂದಕ್ಕೆ ಹೆಚ್ಚೆಂದರೆ ಒಂದು ಗಂಟೆ ಇಪ್ಪತ್ತು ನಿಮಿಷ, ಹಾಗಾಗಿ ಒಂದು ಕನ್ನಡ ಸಿನಿಮಾಕ್ಕೆ ಎರಡು ಡಿಸ್ಕು, ರಾಜ್‌ಕುಮಾರರ ಪೌರಾಣಿಕಕ್ಕೆ ಮೂರು. ಮೊದಲನೆಯದು ಮುಗಿಯುತ್ತಿದ್ದದ್ದು ನಿರ್ದೇಶಕ ಇಂಟರ್‌ವೆಲ್ ಇಟ್ಟ ಕಡೆ ಅಲ್ಲ, ಡಿಸ್ಕಿನ ಜಾಗ ಮುಗಿದ ಕಡೆ. ಯಾರೋ ಬಾಯಿ ತೆರೆದು ಏನೋ ಹೇಳಬೇಕು, ಅಷ್ಟರಲ್ಲಿ ಪರದೆ ನೀಲಿ. “ಎರಡ್ನೇ ಸಿಡಿ ಹಾಕೋ” ಎನ್ನುವ ಕೂಗು, ಆ ನಡುವೆ ಒಂದು ಸುತ್ತು ಚಹಾ, ಚಿಕ್ಕವರು ಹೊರಗೆ ಹೋಗಿ ಬರುವುದು, ದೊಡ್ಡವರು ಮುಂದಿನ ಕಥೆ ಹೀಗೇ ಎಂದು ವಾದಿಸುವುದು. ವಾರದ ಕೊನೆಗೆ ಅಂಗಡಿಯಿಂದ ದಿನಬಾಡಿಗೆಗೆ ತಂದದ್ದು, ಮರುದಿನ ಬೆಳಗಿನ ಬಸ್ಸಿಗೆ ವಾಪಸ್ ಹೋಗಬೇಕು. ಹಾಗಾಗಿ ನಿದ್ದೆಗೆಟ್ಟಾದರೂ ನೋಡಿ ಮುಗಿಸುತ್ತಿದ್ದೆವು.

ಆದರೆ ನಮ್ಮ ಸೀಮೆಯಲ್ಲಿ ಡಿಸ್ಕನ್ನು ನಿಜವಾಗಿ ಮನೆಗೆ ತಂದದ್ದು ಸಿನಿಮಾ ಅಲ್ಲ, ಯಕ್ಷಗಾನ. ಭಾಗವತ ಗುಂಡ್ಮಿ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ, ಸಿಡಿ ಇನ್ನೂ ನಮ್ಮ ಊರುಗಳ ದಾರಿ ಕಾಣದ ಕಾಲ. ಅವರ ಕಂಠ ಉಳಿದದ್ದು ಕ್ಯಾಸೆಟ್ಟುಗಳಲ್ಲಿ, ಟೇಪು ಹಿಗ್ಗಿ, ಶ್ರುತಿ ಕೆಳಗಿಳಿದು, ಅಭಿಮಾನಿಗಳು ಪೆನ್ಸಿಲ್ ಹಾಕಿ ಸುತ್ತಿ ಸುತ್ತಿ ಕಾಪಾಡಿಕೊಂಡ ಕ್ಯಾಸೆಟ್ಟುಗಳಲ್ಲಿ. ಕಂಪ್ಯೂಟರ್ ಬಂದ ಮೇಲೆ ಒಬ್ಬೊಬ್ಬರಾಗಿ ಅದನ್ನೆಲ್ಲ ಸಿಡಿಗೆ ಏರಿಸಿದರು. ಯಾರೂ ಸಂಬಳ ಕೊಟ್ಟು ಮಾಡಿಸಿದ ಕೆಲಸ ಅಲ್ಲ ಅದು. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವಯರು ಎಳೆದು, ಇಡೀ ರಾತ್ರಿಯ ಪ್ರಸಂಗವನ್ನು ಇಡೀ ರಾತ್ರಿಯೇ ಕುಳಿತು ತುಂಬಿಸುವುದು. ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಮಾತುಗಳು ಹೀಗೇ ಮನೆಯಿಂದ ಮನೆಗೆ ಹೋದವು.

ಆಟದ ವಿಡಿಯೋ ಅಂತೂ ಡಿವಿಡಿಯ ಕಾಲಕ್ಕೇ ಸೇರಿದ್ದು. ಊರಿನ ಸ್ಟುಡಿಯೋದವನು ರಂಗಸ್ಥಳದ ಎದುರಿಗೆ ಮೂರು ಕಾಲಿನ ಸ್ಟ್ಯಾಂಡಿಟ್ಟು ಬೆಳಗಿನವರೆಗೆ ನಿಂತು ಚಿತ್ರಿಸಿದ ಆಟ, ನಾಲ್ಕು ಡಿಸ್ಕಿನ ಕಟ್ಟಾಗಿ ಸಂತೆ ಪೇಟೆಯ ಅಂಗಡಿಯಲ್ಲಿ ತೂಗುತ್ತಿತ್ತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನನ್ನ ಅಪ್ಪ ರಂಗದ ಮೇಲೆ ಎಷ್ಟೋ ಸಲ ನೋಡಿದವರು. ಆದರೂ ಡಿವಿಡಿ ಬಂದ ಮೇಲೆ, ಮಳೆಗಾಲದಲ್ಲಿ ಮೇಳಗಳು ತಿರುಗಾಟ ನಿಲ್ಲಿಸಿದ ತಿಂಗಳುಗಳಲ್ಲಿ, ಮಧ್ಯಾಹ್ನ ಊಟವಾದ ಮೇಲೆ ಕಂಬಳಿ ಹೊದ್ದು ಕೂತು ಅದನ್ನೇ ಹಾಕಿಸುತ್ತಿದ್ದರು. “ಆ ಮೋಹಿನಿ ಬರುವ ಜಾಗ ಹಾಕು” ಎಂದರೆ ನಾನು ಮೂರನೆಯ ಡಿಸ್ಕು ತೆಗೆಯುತ್ತಿದ್ದೆ. ಚಿಟ್ಟಾಣಿಯವರಿಗೆ 2012ರಲ್ಲಿ ಪದ್ಮಶ್ರೀ ಬಂದ ದಿನ ನಮ್ಮ ಮನೆಯಲ್ಲಿ ಟಿವಿ ಸುದ್ದಿ ನೋಡಿದ ಮೇಲೆ ಆದದ್ದೂ ಅದೇ, ಮೂರನೆಯ ಡಿಸ್ಕು. 2017ರಲ್ಲಿ ಅವರು ಹೋದಾಗ ಮನೆಯಲ್ಲಿ ಡಿಸ್ಕು ಇತ್ತು, ಓದುವ ಯಂತ್ರ ಇರಲಿಲ್ಲ. ಅಪ್ಪ ಫೋನಿನ ಸಣ್ಣ ಪರದೆಯಲ್ಲಿ ಯಾರೋ ಕಳಿಸಿದ ಮೂರು ನಿಮಿಷದ ತುಣುಕು ನೋಡಿ ಕೆಳಗಿಟ್ಟರು.

ಆ ಕಾಲದ ಇನ್ನೊಂದು ಸಂಗತಿ ಹೇಳಬೇಕು, ಬಸ್ಸಿನ ಕಂಡಕ್ಟರುಗಳದ್ದು. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸಿಡಿ ಸುತ್ತಿ, ಎರಡು ರಟ್ಟಿನ ನಡುವೆ ಇಟ್ಟು, ರಬ್ಬರ್ ಬ್ಯಾಂಡು ಹಾಕಿ, ಮೇಲೆ ಹೆಸರು ಬರೆದು ಶಿರಸಿಯ ಸ್ಟ್ಯಾಂಡಿನಲ್ಲಿ ಕಂಡಕ್ಟರಿನ ಕೈಗೆ ಕೊಟ್ಟರೆ ಸಂಜೆಗೆ ಅದು ಯಲ್ಲಾಪುರದ ಚಿಕ್ಕಮ್ಮನ ಮನೆಯ ತಿರುವಿನಲ್ಲಿ ಇಳಿಯುತ್ತಿತ್ತು. ಕಾಯುತ್ತ ನಿಂತ ಹುಡುಗ ಅದನ್ನು ಎರಡೂ ಕೈಯಲ್ಲಿ ಹಿಡಿದು ಓಡುತ್ತಿದ್ದ. ದೂರದಿಂದಲೂ ಬರುತ್ತಿತ್ತು. ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್‌ನವರು 2005ರಿಂದ 2011ರವರೆಗೆ, ಕೇಳಿದವರಿಗೆಲ್ಲ ಅಂಚೆಯಲ್ಲಿ ಸಿಡಿ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದ್ದೇ. ಹೊರದೇಶದ ಸ್ಟ್ಯಾಂಪು ಹಚ್ಚಿದ ಲಕೋಟೆಯನ್ನು ಪೋಸ್ಟ್‌ಮನ್ ತೋಟದ ಸಂಕ ದಾಟಿ ತಂದು ಕೊಟ್ಟಾಗ, “ಫಾರಿನ್ನಿಂದ ಎಂಥ ಬಂತೋ ತಮ್ಮಾ” ಎಂದು ಕೇಳಿ, ಬಿಚ್ಚಿ ತೋರಿಸುವವರೆಗೆ ಜಗುಲಿಯಲ್ಲೇ ಕೂತಿದ್ದ. ಇವತ್ತು ಅದೇ ಫೈಲು ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಒಳ್ಳೆಯದೇ. ಪೋಸ್ಟ್‌ಮನ್ನನಿಗೆ ತೋರಿಸಲು ಏನೂ ಇರುವುದಿಲ್ಲ, ಅಷ್ಟೆ.

ನನಗೆ ನಿಜವಾದ ಸಿಟ್ಟಿರುವುದು ಬೇರೆ ವಿಷಯಕ್ಕೆ. ಭಾವಗೀತೆಯ ಸಿಡಿ ಕೊಂಡರೆ ಡಬ್ಬದೊಳಗೆ ಮಡಚಿದ ಒಂದು ಹಾಳೆ ಇರುತ್ತಿತ್ತು. ಹಾಡಿನ ಮೊದಲ ಸಾಲು, ಅದರ ಎದುರಿಗೆ ಕವಿಯ ಹೆಸರು, ರಾಗ ಹಾಕಿದವರು, ಹಾಡಿದವರು. ಕೆ.ಎಸ್. ನರಸಿಂಹಸ್ವಾಮಿ, ಜಿ.ಎಸ್. ಶಿವರುದ್ರಪ್ಪ, ನಿಸಾರ್ ಅಹಮದ್ ಎಂಬ ಹೆಸರುಗಳು ಪಠ್ಯಪುಸ್ತಕದ ಆಚೆ ನನಗೆ ಪರಿಚಯವಾದದ್ದು ಆ ಮಡಚಿದ ಹಾಳೆಗಳಿಂದ. ಮೈಸೂರು ಅನಂತಸ್ವಾಮಿ ಯಾರು, ಸಿ. ಅಶ್ವತ್ಥ್ ಯಾರು, ಇಬ್ಬರ ಧಾಟಿಯ ವ್ಯತ್ಯಾಸ ಏನು ಎಂದು ಮನೆಯಲ್ಲಿ ಚರ್ಚೆ ಹುಟ್ಟುತ್ತಿದ್ದದ್ದೂ ಅದರಿಂದಲೇ. ಈಗ ಫೋನಿನಲ್ಲಿ ಅದೇ ಹಾಡು ಹಾಕಿ ನೋಡಿ. ಗಾಯಕರ ಹೆಸರಿರುತ್ತದೆ, ಕಂಪನಿಯ ಹೆಸರಿರುತ್ತದೆ. ಕವಿಯ ಹೆಸರು ಎಷ್ಟೋ ಸಲ ಹುಡುಕಿದರೂ ಸಿಗುವುದಿಲ್ಲ. ಸಿಕ್ಕರೂ ತಪ್ಪಾಗಿರುತ್ತದೆ. ಯಾವ ಆಲ್ಬಮ್ಮಿನ ಯಾವ ಹಾಡಿನ ನಂತರ ಯಾವುದು ಬರಬೇಕು ಎಂದು ಆಲ್ಬಮ್ ಮಾಡಿದವರು ಯೋಚಿಸಿ ಇಟ್ಟ ಕ್ರಮ ಚದುರಿಹೋಗಿ, ಷರೀಫರ ತತ್ವಪದ ಮುಗಿಯುತ್ತಲೇ ಸಾಬೂನಿನ ಜಾಹೀರಾತು ಬರುತ್ತದೆ. ತಿಂಗಳ ದುಡ್ಡು ಕಟ್ಟಿದರೆ ಜಾಹೀರಾತು ತಪ್ಪೀತು, ಕವಿಯ ಹೆಸರು ಬಾರದು. ಯಾವುದೋ ಕಂಪನಿಗೂ ಇನ್ನಾವುದೋ ಕಂಪನಿಗೂ ಒಪ್ಪಂದ ಮುರಿದರೆ ನೆಚ್ಚಿನ ಹಾಡು ಒಂದು ಬೆಳಿಗ್ಗೆ ಪಟ್ಟಿಯಿಂದಲೇ ಮಾಯ. ಕಪಾಟಿನ ಸಿಡಿಯನ್ನು ನಮ್ಮನ್ನು ಕೇಳದೆ ಯಾರೂ ತೆಗೆದುಕೊಂಡು ಹೋಗುತ್ತಿರಲಿಲ್ಲ.

ಈ ತಟ್ಟೆಯನ್ನು ಅಗ್ಗವಾಗಿ ನಮ್ಮ ಕೈಗೆ ತಲುಪಿಸಿದ ಕಂಪನಿಯ ಕಥೆಯೂ ಮುಗಿದಿದೆ. ಮೋಸರ್ ಬೇಯರ್ ಎಂಬ ಹೆಸರು ನೋಡಿ ನಾವು ಅದನ್ನು ಜರ್ಮನಿಯದ್ದೆಂದೇ ನಂಬಿದ್ದೆವು. ಸ್ವಿಸ್ ಕಂಪನಿಯೊಂದರ ಸಹಯೋಗದಲ್ಲಿ 1983ರಲ್ಲಿ ದೆಹಲಿಯಲ್ಲಿ ಹುಟ್ಟಿದ್ದು ಅದು. ಗ್ರೇಟರ್ ನೊಯಿಡಾದ ಕಾರ್ಖಾನೆಯಿಂದ ಜಗತ್ತಿನ ದೊಡ್ಡ ಡಿಸ್ಕ್ ತಯಾರಕರಲ್ಲಿ ಒಂದಾಗಿ ಬೆಳೆಯಿತು. ಸಿನಿಮಾ ವಿಸಿಡಿಗಳನ್ನು 28 ರೂಪಾಯಿಗೆ, ಡಿವಿಡಿಗಳನ್ನು 34 ರೂಪಾಯಿಗೆ ಮಾರಾಟಕ್ಕಿಟ್ಟು ಬಾಡಿಗೆ ಅಂಗಡಿಯವರ ನಿದ್ದೆ ಕೆಡಿಸಿದ್ದೂ ಅದೇ. 2018ರಲ್ಲಿ ಅದನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು ಆದೇಶವಾಯಿತು. ಅತ್ತ ಸೋನಿ 2025ರ ಫೆಬ್ರವರಿಯಲ್ಲಿ ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ನಿಲ್ಲಿಸಿತು. ಕಂಪ್ಯೂಟರಿನವರು ಅದಕ್ಕೂ ಮೊದಲೇ ಕೈಬಿಟ್ಟಿದ್ದರು. 2008ರಲ್ಲಿ ಬಂದ ಮ್ಯಾಕ್‌ಬುಕ್ ಏರ್ ಎಷ್ಟು ತೆಳುವಾಗಿತ್ತೆಂದರೆ ಅದರಲ್ಲಿ ಡಿಸ್ಕಿಗೆ ಜಾಗವೇ ಇರಲಿಲ್ಲ. ಬೇಕಾದವರು ಹೊರಗಿನ ಡ್ರೈವು ಬೇರೆ ಕೊಳ್ಳಬೇಕಿತ್ತು. ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ಒಳಮನೆಯಲ್ಲಿ ಯಜಮಾನಿಕೆ ಮಾಡುತ್ತಿದ್ದ ಹಿರಿಯನ ಹಾಸಿಗೆಯನ್ನು ಒಂದು ದಿನ ಜಗುಲಿಗೆ ಹಾಕಿದರು.

ನನ್ನ ಡ್ರೈವ್ ಜಗುಲಿಗೆ ಬಂದದ್ದು ಹಳೆಯ ಲ್ಯಾಪ್‌ಟಾಪ್ ಕಣ್ಮುಚ್ಚಿದ ಮೇಲೆ. ಮದರ್‌ಬೋರ್ಡು ಹೋಗಿತ್ತು, ರಿಪೇರಿಯವನು “ಬಿಡಿ ಸಾರ್, ಇದಕ್ಕೆ ಹಾಕೋ ದುಡ್ಡಿಗೆ ಇನ್ನೊಂದು ಬರ್ತದೆ” ಎಂದ. ಅಪ್ಪನ ಯಕ್ಷಗಾನದ ಕಟ್ಟು ಆಗಲೇ ಊರಿನಿಂದ ಬೆಂಗಳೂರಿಗೆ ನನ್ನ ಜೊತೆ ಬಂದಿತ್ತು. ತಲೆಗೆ ಹೊಳೆದದ್ದು ಇಷ್ಟು: ಲ್ಯಾಪ್‌ಟಾಪ್ ಸತ್ತಿದೆ, ಡ್ರೈವ್ ಸತ್ತಿಲ್ಲವಲ್ಲ. ಹಿಂದೆ ತಿರುಗಿಸಿ ನೋಡಿದರೆ, ಹತ್ತು ಹನ್ನೆರಡು ಸ್ಕ್ರೂಗಳ ನಡುವೆ ಒಂದರ ಪಕ್ಕದಲ್ಲಿ ಡಿಸ್ಕಿನ ಪುಟ್ಟ ಗುರುತು. ಆ ಒಂದೇ ಸ್ಕ್ರೂ ಬಿಚ್ಚಿ, ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಇಡೀ ಡ್ರೈವ್ ಮೇಜಿನ ಖಾನೆ ಜಾರಿದಷ್ಟು ಸಲೀಸಾಗಿ ಹೊರಗೆ ಬಂತು. ತೂಕವೇ ಇಲ್ಲ. ಹಿಂಬದಿಯಲ್ಲಿ ಪಕ್ಕಪಕ್ಕಕ್ಕೆ ಎರಡು ಸಣ್ಣ ಹಲ್ಲಿನ ಸಾಲು, ಒಂದು ಮಾಹಿತಿಗೆ, ಒಂದು ಕರೆಂಟಿಗೆ.

ಅದನ್ನು ಜೇಬಿಗೆ ಹಾಕಿಕೊಂಡು ಎಸ್.ಪಿ. ರೋಡಿಗೆ ಹೋದೆ. ಬೆಂಗಳೂರಿನಲ್ಲಿ ಇಂಥ ಮೂಲೆಪಾಲಾದ ಸಾಮಾನಿಗೆ ಇನ್ನೂ ಮರ್ಯಾದೆ ಸಿಗುವ ಜಾಗ ಅದೊಂದೇ. ಮೂರು ಅಂಗಡಿಯವರು “ಈಗ ಯಾರ್ ತಗೊಳ್ತಾರೆ ಸಾರ್ ಅದನ್ನ” ಎಂದು ತಲೆಯಾಡಿಸಿದರು. ನಾಲ್ಕನೆಯವರು ವಯಸ್ಸಾದವರು, ಮೂಗಿನ ತುದಿಗೆ ಕನ್ನಡಕ. ಡ್ರೈವನ್ನು ಕೈಗೆ ತೆಗೆದುಕೊಂಡು ಅಂಚನ್ನು ಹೆಬ್ಬೆರಳಿನಿಂದ ಅಳೆದರು.

“ಒಂಬತ್ತೂವರೆ ಅಲ್ಲ ಇದು, ಹನ್ನೆರಡು ಪಾಯಿಂಟ್ ಏಳು. ಸ್ಯಾಟಾನೇ ಇದೆ, ಒಳ್ಳೇದಾಯ್ತು. ಐಡಿಇ ಆಗಿದ್ರೆ ಕೇಸಿಂಗ್ ಸಿಗ್ತಿರ್ಲಿಲ್ಲ.”

ಒಳಗೆ ಹೋಗಿ ಧೂಳು ಹಿಡಿದ ಒಂದು ಡಬ್ಬ ತಂದರು. ಕಪ್ಪು ಪ್ಲಾಸ್ಟಿಕ್ಕಿನ ಚಪ್ಪಟೆ ಪೆಟ್ಟಿಗೆ, ಒಳಗೆ ಹೆಬ್ಬೆರಳಿನಷ್ಟು ದೊಡ್ಡ ಹಸಿರು ಬೋರ್ಡು, ಒಂದು ವಯರು. ಲ್ಯಾಪ್‌ಟಾಪಿನ ಆಕಾರಕ್ಕೆ ಬಾಗಿದ್ದ ಡ್ರೈವಿನ ಮುಂದಿನ ಪಟ್ಟಿಯನ್ನು ಉಗುರಿನಲ್ಲಿ ಎಬ್ಬಿಸಿ ತೆಗೆದು, ಕೇಸಿಂಗಿನ ಜೊತೆ ಬಂದ ನೇರ ಪಟ್ಟಿ ಕೂರಿಸಿದರು. ಹಲ್ಲಿಗೆ ಹಲ್ಲು ಸೇರಿಸಿ ತಳ್ಳಿದರು. ವಯರಿನ ಒಂದು ತುದಿಯಲ್ಲಿ ಎರಡು ಕವಲು ಇತ್ತು. ಅದೇಕೆ ಎಂದು ಕೇಳಿದೆ. “ಒಂದು ಯುಎಸ್‌ಬಿ ಕೊಡೋದು ಅರ್ಧ ಆಂಪಿಯರ್ ಸಾರ್. ಡಿಸ್ಕ್ ತಿರುಗೋಕೆ ಶುರು ಮಾಡುವಾಗ, ರೈಟ್ ಮಾಡುವಾಗ ಅದು ಸಾಲಲ್ಲ. ಒಂದೇ ಹಾಕಿದ್ರೆ ಟಿಕ್ ಟಿಕ್ ಅಂತ ಒದ್ದಾಡುತ್ತೆ. ಎರಡೂ ಚುಚ್ಚಿ.” ಡೆಸ್ಕ್‌ಟಾಪಿನ ದಪ್ಪ ಡ್ರೈವಾದರೆ 12 ವೋಲ್ಟಿನ ಬೇರೆ ಅಡಾಪ್ಟರ್ ಬೇಕಾಗುತ್ತಿತ್ತಂತೆ, ಲ್ಯಾಪ್‌ಟಾಪಿನ ತೆಳು ಡ್ರೈವು ಐದು ವೋಲ್ಟಿನಲ್ಲೇ ಸಂಸಾರ ಮಾಡುತ್ತದೆ.

ಕೌಂಟರಿನ ಕೆಳಗಿನಿಂದ ಒಂದು ಹಳೆಯ ಎಂಪಿ3 ಸಿಡಿ ತೆಗೆದು ಹಾಕಿ ತೋರಿಸಿದರು. ಸುಂಯ್, ಗರಗರ. ಪಕ್ಕದ ಅಂಗಡಿಯ ಹುಡುಗ, ಇಪ್ಪತ್ತರ ಆಸುಪಾಸಿನವನು, ಇಣುಕಿ ನೋಡಿ “ಸೌಂಡ್ ಬರ್ತಿದೆ, ಹಾಳಾಗಿದೆ ಅನ್ಸುತ್ತೆ” ಎಂದ. ಅವನ ಪ್ರಕಾರ ಯಂತ್ರ ಸದ್ದು ಮಾಡಿದರೆ ಅದು ರೋಗ. ಮುದುಕರು ನಕ್ಕರು, ಏನೂ ಹೇಳಲಿಲ್ಲ.

ಆ ಕಪ್ಪು ಪೆಟ್ಟಿಗೆ ಮನೆಗೆ ಬಂದ ಸುದ್ದಿ ಹೇಗೋ ಹರಡಿತು. ರೈಟರ್ ಇದ್ದ ಮನೆಗೆ ಜನ ಬರುತ್ತಿದ್ದ ಕಾಲ ಸಣ್ಣದಾಗಿ ಮರಳಿ ಬಂತು. ಕೆಳಗಿನ ಮನೆಯ ಆಂಟಿ ತಮ್ಮ ಯಜಮಾನರ ಬೆನ್ನಿನ ಎಂಆರ್‌ಐ ಸಿಡಿ ಹಿಡಿದುಕೊಂಡು ಬಂದರು. ಸ್ಕ್ಯಾನ್ ಸೆಂಟರಿನವರು ಇವತ್ತಿಗೂ ಫಿಲ್ಮಿನ ಜೊತೆ ಸಿಡಿ ಕೊಡುತ್ತಾರೆ, ಮಗ ಅಮೆರಿಕದಿಂದ ಅದನ್ನು ಕಳಿಸು ಎನ್ನುತ್ತಾನೆ, ಹಾಕಲು ಜಾಗವಿಲ್ಲ. ಕೋರ್ಟಿನ ಕೇಸಿಗೆ ಸಿಸಿಟಿವಿಯ ಡಿಸ್ಕು ತಂದ ಪರಿಚಯದ ವಕೀಲರೊಬ್ಬರು, ಅದು ತೆರೆಯುವವರೆಗೆ ಉಸಿರು ಬಿಗಿಹಿಡಿದು ಕೂತಿದ್ದರು. ಎಲ್ಲಕ್ಕಿಂತ ಹೆಚ್ಚು ಬಂದದ್ದು ಮದುವೆಗಳು. ಆಲ್ಬಮ್ಮಿನ ಹಿಂದಿನ ರಟ್ಟಿನಲ್ಲಿ ಸಿಕ್ಕಿಸಿಟ್ಟ, ಮೇಲೆ ವಧೂವರರ ಫೋಟೋ ಅಚ್ಚು ಹಾಕಿದ ಡಿವಿಡಿಗಳು. ಸ್ಟುಡಿಯೋದವನು ಹಾಕಿದ ಹೃದಯದಾಕಾರದ ಚೌಕಟ್ಟು, ಆಕಾಶದಿಂದ ಉದುರುವ ಗುಲಾಬಿ, ಹಿನ್ನೆಲೆಗೆ ‘ಮುಂಗಾರು ಮಳೆ’ಯ ಹಾಡು. ನಗುತ್ತ ನೋಡಲು ಕೂತವರು, ಊಟದ ಪಂಕ್ತಿ ಬಂದಾಗ ಒಬ್ಬೊಬ್ಬರಾಗಿ ಸುಮ್ಮನಾಗುತ್ತಾರೆ. ಪಾಯಸ ಬಡಿಸುತ್ತಿರುವವರು ಈಗಿಲ್ಲ. ಎಲೆಯ ತುದಿಯಲ್ಲಿ ಉಪ್ಪು ಹಾಕುತ್ತಿರುವವರು ಈಗಿಲ್ಲ.

ಎಲ್ಲ ತಟ್ಟೆಯೂ ಮಾತಾಡುವುದಿಲ್ಲ. ಡಿಸ್ಕನ್ನು ಹಾಡಿ ಹೊಗಳಿ ಅದರ ದೋಷ ಮುಚ್ಚಿಡುವುದು ಸರಿಯಲ್ಲ. ನೂರು ವರ್ಷ ಬಾಳುತ್ತದೆ ಎಂದು ಹೇಳಿಕೊಂಡ ಡಿಸ್ಕುಗಳು ಹದಿನೈದು ವರ್ಷಕ್ಕೇ ಕೈಕೊಟ್ಟಿವೆ. ಮನೆಯಲ್ಲಿ ರೈಟ್ ಮಾಡಿದ ಸಿಡಿಯಲ್ಲಿ ಮಾಹಿತಿ ಕೂತಿರುವುದು ಬಣ್ಣದ ಒಂದು ಪದರದಲ್ಲಿ. ಬೆಳಕು, ಬಿಸಿ, ತೇವ ಅದನ್ನು ನಿಧಾನವಾಗಿ ತಿನ್ನುತ್ತವೆ. ನಾವು ಹೊಳೆಯುವ ಮಗ್ಗುಲಿಗೆ ಗೀರು ಬೀಳದಂತೆ ಕಾಯುತ್ತಿದ್ದೆವು, ಸಿಡಿಯಲ್ಲಿ ಹೆಚ್ಚು ನಾಜೂಕಾದದ್ದು ಹೆಸರು ಬರೆಯುವ ಮಗ್ಗುಲು. ಪ್ರತಿಫಲಿಸುವ ಪದರ ಅದಕ್ಕೆ ಅಂಟಿಕೊಂಡೇ ಇರುತ್ತದೆ, ಚೂಪು ಬಾಲ್‌ಪೆನ್ನಿನಲ್ಲಿ ಒತ್ತಿ ‘ಗೃಹಪ್ರವೇಶ’ ಎಂದು ಬರೆದರೆ ಗೃಹಪ್ರವೇಶವೇ ಹೋಗಬಹುದು. ಮಲೆನಾಡಿನ ಡಿಸ್ಕಿಗೆ ಬೂಷ್ಟಿನ ಕಾಟ ಬೇರೆ. ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಒಂದು ಸಿಡಿಯೊಳಗೆ ಶಿಲೀಂಧ್ರ ಹೊಕ್ಕು ಲೋಹದ ಪದರವನ್ನೇ ತಿಂದದ್ದನ್ನು 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ಗುರುತಿಸಿದ್ದರು. ಆಷಾಢದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ಬೈಂಡು ಎಲ್ಲದರ ಮೇಲೂ ಬೂಷ್ಟು ಏಳುವ ನಮ್ಮ ಮನೆಗಳಲ್ಲಿ ಅದನ್ನು ಓದಿದವರಿಗೆ ಆಶ್ಚರ್ಯವೇನೂ ಆಗಲಾರದು.

ಅಪ್ಪನ ಕಟ್ಟನ್ನು ನಾನು ಭಾನುವಾರಗಳಲ್ಲಿ ಕೂತು ಒಂದೊಂದಾಗಿ ಹಾರ್ಡ್‌ಡಿಸ್ಕಿಗೆ ಇಳಿಸಿದೆ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ (ಸುತ್ತ ಒರೆಸಬಾರದು, ಗೀರು ಬಿದ್ದರೆ ಗೆರೆಯ ಉದ್ದಕ್ಕೂ ಬೀಳುತ್ತದೆ), ತಟ್ಟೆಗೆ ಹಾಕಿ, ಎರಡೂ ಕವಲು ಚುಚ್ಚಿ. ಕೆಲವು ಮೊದಲ ಸಲಕ್ಕೇ ಓದಿದವು. ಕೆಲವನ್ನು ಡ್ರೈವು ಹಿಡಿದು ಹಿಡಿದು, ವೇಗ ಇಳಿಸಿ, ಮತ್ತೆ ತಡಕಿ, ಗಂಟೆಗಟ್ಟಲೆ ಒದ್ದಾಡಿ ಓದಿತು. ಒಮ್ಮೆ ತಟ್ಟೆ ಹೊರಗೇ ಬರಲಿಲ್ಲ, ಮುಂದಿನ ಸಣ್ಣ ತೂತಿಗೆ ಗುಂಡುಸೂಜಿ ಚುಚ್ಚಿ ತೆಗೆದದ್ದಾಯಿತು. ಭಸ್ಮಾಸುರನ ಮೂರನೆಯ ಡಿಸ್ಕು, ಅಷ್ಟೊಂದು ಸಲ ತಿರುಗಿದ್ದರಿಂದಲೋ ಏನೋ, ಮೋಹಿನಿ ಬರುವ ಜಾಗದಲ್ಲಿ ಚೌಕ ಚೌಕವಾಗಿ ಒಡೆಯುತ್ತದೆ. ಚಂಡೆ, ಮದ್ದಳೆ ಮಾತ್ರ ಸ್ಪಷ್ಟ. ಅಪ್ಪನಿಗೆ ಕಳಿಸಿದೆ. ಟಿವಿಗೆ ಪೆನ್‌ಡ್ರೈವ್ ಚುಚ್ಚಿ ನೋಡಿ ಫೋನ್ ಮಾಡಿದರು: “ಅಲ್ಲಿ ಕುಣಿತ ಕಾಣಿಸ್ತಿಲ್ಲೆ. ಆದರೆ ನಂಗೆ ಗೊತ್ತಿದ್ದು ಬಿಡು.”

ಗದಾಯುದ್ಧ ಇನ್ನೂ ಬಾಕಿ ಇದೆ, ಎರಡನೆಯ ಡಿಸ್ಕಿನಿಂದ ಮುಂದೆ. ಡ್ರೈವು ನನ್ನ ಹತ್ತಿರ ಇಲ್ಲ. ಹುಬ್ಬಳ್ಳಿಯ ಅತ್ತಿಗೆ ತಮ್ಮ ಮದುವೆಯ ಡಿವಿಡಿ ನೋಡಬೇಕೆಂದು ಹಟ ಹಿಡಿದರು, ರಾತ್ರಿ ಬಸ್ಸಿನಲ್ಲಿ ಹೊರಟವರ ಕೈಯಲ್ಲಿ ಕಳಿಸಿದ್ದೆ. ಅಲ್ಲಿಂದ ಅದು ಅವರ ಅಕ್ಕನ ಮನೆಗೆ ಹೋಗಿದೆಯಂತೆ, ಅಲ್ಲಿಂದ ಗದಗಕ್ಕೆ ಹೋಗುವ ಮಾತಿದೆಯಂತೆ. ನಿನ್ನೆ ಫೋನ್ ಮಾಡಿ ಕೇಳಿದ್ದಕ್ಕೆ ಅತ್ತಿಗೆ, “ತಡೀರಿ, ಅವರ ಮನ್ಯಾಗ ಇನ್ನೂ ಎರಡು ಮದುವಿ ಅದಾವ, ಒಂದು ಕುಬಸ” ಎಂದರು. ವಯರಿನ ಎರಡೂ ಕವಲು ಚುಚ್ಚಬೇಕು ಎಂದು ಅವರಿಗೆ ಹೇಳಿಸಿ ಫೋನ್ ಇಟ್ಟೆ.